ಐಸಿನೊಳಗಿನ ಕೋಳಿ

ಸೊರಬದಿಂದ ಮಾವ ಕೆಂಪಪ್ಪನವರ ಕಾರ್ಡು ಬಂದಂದಿನಿಂದ ಚಿಕ್ಕಬೀರಪ್ಪನಿಗೆ ತುತ್ತು ಇಳಿಯಲಿಲ್ಲ. ಕಾರ್ಡಿನಲ್ಲಿದ್ದದ್ದು ಮೂರೇ ಸಾಲು. "ಗುರುವಾರ ನಾಲ್ಕು ಗಂಟೆ ಬಸ್ಸಿಗೆ ಬರುತ್ತೇನೆ. ನಿಮ್ಮ ಮನೆ, ನಿಮ್ಮ ಊಟ ಹೇಗಿದೆ ಎಂದು ಕಣ್ಣಾರೆ ನೋಡುತ್ತೇನೆ. ಆಮೇಲೆ ತುಂಗಳನ್ನು ಕಳಿಸುವ ಮಾತು."

ಹೆಂಡತಿ ತುಂಗಮ್ಮ ಬಾಣಂತನಕ್ಕೆಂದು ತವರಿಗೆ ಹೋದವಳು. ಐದನೇ ತಿಂಗಳಿಗೆ ಗಂಡನ ಮನೆಗೆ ಕಳಿಸುವುದು ಪದ್ಧತಿ. ಐದಕ್ಕೆ "ಮಳೆ ಇನ್ನೂ ಬಿಟ್ಟಿಲ್ಲ" ಎಂದರು, ಆರಕ್ಕೆ ಮಗುವಿಗೆ ನೆಗಡಿ ಎಂದರು, ಏಳಕ್ಕೆ ಧನುರ್ಮಾಸ ಎಂದರು. ಈಗ ಸಂಕ್ರಾಂತಿಯೂ ಕಳೆದು ಮಗುವಿಗೆ ಎಂಟು ತುಂಬಿತ್ತು. ಕಳೆದ ಸಲ ಚಿಕ್ಕಬೀರಪ್ಪ ಎತ್ತಿಕೊಂಡಾಗ ಅದು ಅಪ್ಪನ ಮುಖ ನೋಡಿ, ಯಾರೋ ಸೂಜಿ ಚುಚ್ಚುವ ಡಾಕ್ಟರು ಬಂದನೆಂಬಂತೆ ಕಿರುಚಿತ್ತು. ಆ ಕಿರುಚು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ಇದು ಪರೀಕ್ಷೆ ಕಣೋ ಬೀರ," ಎಂದಳು ಪಕ್ಕದ ಮನೆಯ ದ್ಯಾಮಮ್ಮ, ಕಾರ್ಡು ಓದಿಸಿಕೊಂಡು. "ಕೋಳಿಸಾರು ಮಾಡಿ ಬಡಿಸಿದ್ಯೋ, ಪಾಸು. ಬೇಳೆಸಾರು ಬಡಿಸಿದ್ಯೋ, ನಿನ್ನ ಮಗ ಸೊರಬದಾಗೇ ಮೀಸೆ ಬಿಡ್ತಾನೆ."

ಆದರೆ ಕೋಳಿ ಎಲ್ಲಿಂದ ಬರಬೇಕು? ಆ ತಿಂಗಳು ಶಿಕಾರಿಪುರದ ಕೋಳಿಗಳಿಗೆಲ್ಲ ರೋಗ ಬಿದ್ದು, ಬೆಳಗಿನ ಜಾವ ಕೂಗುವುದಕ್ಕೂ ಒಂದು ಹುಂಜ ಉಳಿದಿರಲಿಲ್ಲ.

ಆಗ ನೆನಪಾದವನು ಹಿಂದಿನ ಬೀದಿಯ ರಜಾಕ್. ಕಾರವಾರದ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನಿನ ಲಾರಿಯಲ್ಲಿ ರಜಾಕ್ ಕ್ಲೀನರ್. "ಅದಕ್ಕೇನಣ್ಣ, ಅಲ್ಲಿಂದ ತಂದ್ಕೊಡ್ತೀನಿ," ಎಂದ. ತಂದೂ ಕೊಟ್ಟ. ಗುರುವಾರ ಬೆಳಗ್ಗೆ ಏಳಕ್ಕೆ, ಗೋಣಿ ಸುತ್ತಿದ ಒಂದು ಮೂಟೆಯನ್ನು ಅಂಗಳದಲ್ಲಿ ದೊಪ್ಪೆಂದು ಇಳಿಸಿದ.

ಗೋಣಿ ಬಿಚ್ಚಿದರೆ ಒಳಗೆ ಭತ್ತದ ಹೊಟ್ಟು. ಹೊಟ್ಟು ಕೊಡವಿದರೆ ಒಂದು ದೊಡ್ಡ ಐಸ್‌ಗಡ್ಡೆ. ಗಡ್ಡೆಯ ನಡುವೆ, ಬಟ್ಟೆ ಅಂಗಡಿಯ ಗಾಜಿನ ಬೀರುವಿನಲ್ಲಿಟ್ಟ ಮದುವೆ ಸೀರೆಯಂತೆ, ಪುಕ್ಕ ಕಿತ್ತು ಕಾಲು ಮಡಚಿದ ಕೋಳಿ.

"ಇದೇನೋ ರಜಾಕ್?"

"ಐಸ್ ಫ್ಯಾಕ್ಟರೀಲಿ ನಮ್ಮ ದೋಸ್ತ್ ಅದಾನಣ್ಣ. ಬರೀ ಐಸಿನ ಮೇಲಿಟ್ರೆ ದಾರೀಲಿ ಕೆಟ್ಟೀತು ಅಂತ ಕ್ಲೀನ್ ಮಾಡಿ, ನೀರಿನ ಡಬ್ಬೀಲಿ ಮುಳುಗ್ಸಿ, ಗಡ್ಡೇನೇ ಕಟ್ಟಿಸ್ಬಿಟ್ಟ. ಕಲ್ಲಿದ್ದಂಗೈತೆ!"

"ಕಲ್ಲನ್ನ ನಾನು ಹ್ಯಾಂಗೆ ಬೇಯಿಸ್ಲಿ ಮಾರಾಯ?"

ಉತ್ತರ ಹೇಳುವುದರೊಳಗೆ ಲಾರಿಯ ಹಾರನ್ನು ಕೂಗಿತು. ರಜಾಕ್ ಓಡಿದ.

ಚಿಕ್ಕಬೀರಪ್ಪ ಅಕ್ಕಿ ಗಿರಣಿಯಲ್ಲಿ ತೂಕ ಹಾಕುವವನು. ಮೂಟೆ ಎಷ್ಟು ಭಾರವೆಂದು ಕಣ್ಣಳತೆಯಲ್ಲೇ ಹೇಳಬಲ್ಲ. ಆದರೆ ಐಸನ್ನು ಅವನು ಅಲ್ಲಿಯವರೆಗೆ ನೋಡಿದ್ದು ಶರಬತ್ತಿನ ಲೋಟದಲ್ಲಿ ಮಾತ್ರ. ಬಾಗಿ ನೋಡುತ್ತಿದ್ದಾಗ ದ್ಯಾಮಮ್ಮ ಬೇಲಿ ದಾಟಿ ಬಂದಳು.

"ಅಯ್ಯೋ, ಥಂಡಿ ಹತ್ತೈತೆ ಪಾಪ ಅದಕ್ಕೆ! ಬಾಳೆಗೊನೆ ಹಣ್ಣು ಮಾಡಾಕೆ ನಾವೇನು ಮಾಡ್ತೀವಿ? ಹೊಟ್ಟಿನಾಗೆ ಹೂಳ್ತೀವಿ. ಕಾವು ಬರಲ್ವಾ? ಇದನ್ನೂ ಹೂಳು. ಒಂದು ಹೊತ್ತಿನಾಗೆ ಬೆಣ್ಣೆ ಆಗ್ತೈತೆ."

ಮಾತು ನ್ಯಾಯವಾಗಿಯೇ ಕಂಡಿತು. ಗಿರಣಿಯವನ ಮನೆಯಲ್ಲಿ ಹೊಟ್ಟಿಗೇನು ಬರ? ಒಲೆಗೆಂದು ತಂದಿಟ್ಟಿದ್ದ ಎರಡು ಚೀಲ ಸುರಿದು, ಗಡ್ಡೆಯನ್ನು ನಡುವೆ ಮಲಗಿಸಿ, ಮೇಲೆ ಕಂಬಳಿಯನ್ನೂ ಹೊದಿಸಿದರು. ರಜಾಕ್ ಐಸು ಕರಗದಿರಲಿ ಎಂದು ಹೊಟ್ಟಿನಲ್ಲಿ ಹೂತು ಘಟ್ಟ ಹತ್ತಿಸಿ ತಂದದ್ದನ್ನು, ಇವರು ಕರಗಲಿ ಎಂದು ಮತ್ತೆ ಹೊಟ್ಟಿನಲ್ಲಿ ಹೂತು ಸಮಾಧಾನದಿಂದ ಕಾಫಿ ಕುಡಿದರು.

ಹತ್ತೂವರೆಗೆ ಕಂಬಳಿ ತೆಗೆದರೆ ಕೋಳಿ ಇದ್ದ ಹಾಗೆಯೇ ಇತ್ತು. ಗಡ್ಡೆಗೆ ಈಗ ಮೈತುಂಬ ಹೊಟ್ಟು ಮೆತ್ತಿ ಒಳ್ಳೆಯ ಗಡ್ಡ ಬಂದಿತ್ತು.

"ಏನಯ್ಯಾ ಚಿಕ್ಕಬೀರಪ್ಪ, ಏನು ನಡೆದಿದೆ?" ಎದುರು ಮನೆಯ ಜಗಲಿಯಿಂದ ಪಂಚಾಕ್ಷರಪ್ಪ ಮೇಷ್ಟ್ರು ಕೇಳಿದರು. ಹುಟ್ಟಿದಾರಭ್ಯ ಮಾಂಸ ಮುಟ್ಟದ ಮನೆತನ. ಅಂಗಳದಲ್ಲಿ ಕೋಳಿಯಿದೆ ಎಂದು ಅವರಿಗೆ ಬೆಳಗ್ಗೆಯೇ ಗೊತ್ತಿದ್ದುದರಿಂದ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಕಣ್ಣನ್ನು ಮಾತ್ರ ಈ ಕಡೆ ಇಟ್ಟಿದ್ದರು.

"ಐಸು ಕರಗ್ತಾ ಇಲ್ಲ ಮೇಷ್ಟ್ರೇ."

"ಉಪ್ಪು ಹಾಕಯ್ಯ! ಮೂವತ್ತು ವರ್ಷ ಪಾಠ ಮಾಡಿದ್ದೀನಿ. ಐಸಿನ ಮೇಲೆ ಉಪ್ಪು ಬಿದ್ದರೆ ಅದು ನಿಲ್ಲೋದಿಲ್ಲ. ಒಳಗಿರೋದು ಏನು ಅಂತ ನಾನು ಕೇಳಿಲ್ಲ, ನೀನೂ ಹೇಳಬೇಡ."

ಚಿಕ್ಕಬೀರಪ್ಪ ಒಂದು ಸೇರು ಕಲ್ಲುಪ್ಪು ಸುರಿದ. ಚಟಪಟ ಸದ್ದಾಯಿತು, ನೀರೂ ಹರಿಯಿತು. ಹಿಗ್ಗಿ ಹೋಗಿ, ಒದ್ದೆ ಕೈಯನ್ನು ಗಡ್ಡೆಯ ಮೇಲಿಟ್ಟ. ಮೇಷ್ಟ್ರ ಪಾಠದಲ್ಲಿ ಬಾರದ ಒಂದು ವಿಷಯ ಆಗ ತಿಳಿಯಿತು: ಉಪ್ಪು ಬಿದ್ದ ಐಸಿಗೆ ಮೊದಲಿಗಿಂತ ಹೆಚ್ಚು ಥಂಡಿ. ನಾಲ್ಕು ಬೆರಳು ಅಂಟಿಕೊಂಡು ಬಿಟ್ಟವು.

"ಹಿಡ್ಕಂಡೈತೆ! ದ್ಯಾಮಮ್ಮಾ, ಕೋಳಿ ನನ್ನ ಹಿಡ್ಕಂಡೈತೆ!"

ದ್ಯಾಮಮ್ಮ ಒಂದು ಚೊಂಬು ನೀರು ಹುಯ್ದು ಬೆರಳು ಬಿಡಿಸಿದಳು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಚಿಕ್ಕಬೀರಪ್ಪನ ತಾಳ್ಮೆ ಮುಗಿಯಿತು. ಒನಕೆ ಎತ್ತಿ, ತುಂಗಮ್ಮನನ್ನು ನೆನೆದು, ಗಡ್ಡೆಯ ತಲೆಗೆ ಒಂದು ಬಿಟ್ಟ. ಒಂದು ಮೂಲೆ ಸಿಡಿದು ಹೋಯಿತು. ಉಳಿದದ್ದು ಸಗಣಿ ಸಾರಿಸಿದ ಒದ್ದೆ ಅಂಗಳದ ಮೇಲೆ ಜಾರಿ, ಬಾಗಿಲು ದಾಟಿ, ಇಳಿಜಾರಿನ ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗನಂತೆ ಓಡಿ, ಸೀದಾ ಪಂಚಾಕ್ಷರಪ್ಪನವರ ಜಗಲಿಯ ಮೆಟ್ಟಿಲಿಗೆ ಬಂದು ನಿಂತಿತು.

ಮೇಷ್ಟ್ರು ಪಂಚೆ ಎತ್ತಿ ಹಿಡಿದು ಬೆಂಚಿನ ಮೇಲೆ ಹತ್ತಿದರು. "ತೆಗಿ! ತೆಗಿಯೋ! ನಮ್ಮನೇಲಿ ಇವತ್ತು ಪೂಜೆ ಆಗಬೇಕು!"

"ನೀವೇ ಉಪ್ಪು ಹಾಕು ಅಂದ್ರಲ್ಲ ಮೇಷ್ಟ್ರೇ..."

"ನಾನು ಐಸಿಗೆ ಹೇಳಿದ್ದು! ಕೋಳಿಗಲ್ಲ!"

ಬೀದಿ ತುಂಬ ನಗು. ಚಿಕ್ಕಬೀರಪ್ಪ ಗಡ್ಡೆಯನ್ನು ಟವಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವುಚಿಕೊಂಡು ಒಳಗೆ ತಂದ. ಬಚ್ಚಲಿನ ಹಂಡೆಯಲ್ಲಿ ಮಾವನ ಸ್ನಾನಕ್ಕೆಂದು ನೀರು ಕುದಿಯುತ್ತಿತ್ತು. ಇನ್ನೇನು ಅದರೊಳಕ್ಕೆ ಬಿಡಬೇಕು, ಹಿತ್ತಲ ಬಾಗಿಲಲ್ಲಿ ಒಂದು ದನಿ.

"ಅರೆ ಬೇಟಾ, ನಿಲ್ಲು!"

ರಜಾಕನ ತಾಯಿ ಶರ್ಫುನ್ನೀಸಾ. ಮಗ ಹೇಳಿ ಕಳಿಸಿದ್ದ ಮಾತನ್ನು ಮುಟ್ಟಿಸಲು ಬೆಳಗ್ಗೆಯೇ ಹೊರಟಿದ್ದವಳು, ದಾರಿಯಲ್ಲಿ ನಾಲ್ಕು ಮನೆ ಮಾತಾಡಿಸಿ ಈಗ ಬಂದಿದ್ದಳು.

"ಕುದಿನೀರಾಗೆ ಹಾಕಿದ್ರೆ ಏನಾಗ್ತೈತೆ ಗೊತ್ತಾ? ಮೇಲೆ ಚರ್ಮ ಬೇಯ್ತೈತೆ, ಒಳಗೆ ಕಲ್ಲು. ಅರ್ಧ ಬೆಂದಿದ್ದು ಅರ್ಧ ಹಸಿ ತಿಂದು ನಿಮ್ಮ ಮಾವ ರಾತ್ರಿಯೆಲ್ಲ ಚೊಂಬು ಹಿಡ್ಕಂಡು ಓಡಾಡ್ಬೇಕಾ? ತಣ್ಣೀರು ತಾ ಬೇಟಾ, ಬಾವಿ ನೀರು."

"ಥಂಡಿಗೆ ಥಂಡೀನಾ?" ದ್ಯಾಮಮ್ಮ ಮೂಗು ಮುರಿದಳು.

"ಹ್ಞೂಂ ಅಕ್ಕಾ. ಐಸಿಗೆ ಬಾವಿ ನೀರೇ ಬಿಸಿ. ಮೀನಿನ ಲಾರಿಯವನ ತಾಯಿ ನಾನು, ನನಗೆ ಕಲಿಸ್ತೀಯಾ?"

ಕೊಪ್ಪರಿಗೆಯಲ್ಲಿ ಗಡ್ಡೆಯನ್ನಿಟ್ಟು ಮುಳುಗುವಷ್ಟು ಬಾವಿ ನೀರು ಹಾಕಿಸಿದಳು. ಕಾಗೆ ಬೆಕ್ಕು ಮೂತಿ ಇಡದಂತೆ ಮೇಲೊಂದು ತಟ್ಟೆ ಮುಚ್ಚಿಸಿದಳು. ನೀರು ಕೊರೆಯತೊಡಗಿದರೆ ಚೆಲ್ಲಿ ಹೊಸ ನೀರು. ಮತ್ತೆ ಕೊರೆಯಿತೇ, ಮತ್ತೆ ಹೊಸ ನೀರು. ಚೆಲ್ಲಿದ ನೀರು ಕುಡಿಯುವ ಕೊಡದ ಹತ್ತಿರ ಸುಳಿಯಕೂಡದು. ಚಿಕ್ಕಬೀರಪ್ಪ ಆ ಮಧ್ಯಾಹ್ನ ಎಷ್ಟು ಕೊಡ ಸೇದಿದನೋ ದೇವರೇ ಬಲ್ಲ. ಹಗ್ಗ ಅಂಗೈಯಲ್ಲಿ ಹೊಸ ರೇಖೆ ಬರೆದಿತ್ತು.

ಎರಡಕ್ಕೆ ಐಸೆಲ್ಲ ಬಿಟ್ಟಿತು. "ಆತು, ಕತ್ತರಿಸು," ಎಂದಳು ದ್ಯಾಮಮ್ಮ. ಶರ್ಫುನ್ನೀಸಾ ಹೊಟ್ಟೆಯೊಳಗೆ ಬೆರಳಾಡಿಸಿ ತಲೆ ಅಲ್ಲಾಡಿಸಿದಳು. "ಮೂಳೆ ಹತ್ರ ಇನ್ನೂ ಗಟ್ಟಿ ಐತೆ. ಅವಸರಕ್ಕೆ ಕೋಳಿ ಬೇಯಲ್ಲ." ಮೂರಕ್ಕೆ ಕೋಳಿ ಕೋಳಿಯಂತೆ ಮೆತ್ತಗಾಯಿತು.

ಆಮೇಲೆ ನೋಡಬೇಕಿತ್ತು ಆ ಅಡುಗೆಮನೆ. ಕೋಳಿ ಕೊಯ್ದ ಈಳಿಗೆ, ಕೈ ಎಲ್ಲ ಬೂದಿ ಹಾಕಿ ತೊಳೆದ ಮೇಲೆಯೇ ಈರುಳ್ಳಿಗೆ ಅಪ್ಪಣೆ. ದ್ಯಾಮಮ್ಮ ಕೊತ್ತಂಬರಿ, ಮೆಣಸು ಹುರಿದಳು. ಶರ್ಫುನ್ನೀಸಾ ಕಾಯಿ ರುಬ್ಬಿದಳು. ಚಿಕ್ಕಬೀರಪ್ಪ ಹೊಗೆ ಕುಡಿದು ಒಲೆ ಊದಿದ. ಉಪ್ಪು ಮಾತ್ರ ಮಡಕೆಯ ತಳ ಕೆರೆದು ಹಾಕಬೇಕಾಯಿತು. ಉಳಿದದ್ದೆಲ್ಲ ಮೇಷ್ಟ್ರ ಕೃಪೆಯಿಂದ ಐಸಿನ ಪಾಲಾಗಿತ್ತು. ತೊಡೆಯ ತುಂಡು ಬಿಡಿಸಿ, ಮೂಳೆಯ ಬುಡದಲ್ಲಿ ಕೆಂಪಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪಾತ್ರೆ ಇಳಿಯಿತು. ಘಮ ಬೀದಿಗೆ ಹರಿದಾಗ ಪಂಚಾಕ್ಷರಪ್ಪನವರು ಎದ್ದು ಬಾಗಿಲು ಹಾಕಿಕೊಂಡರು. ಕಿಟಕಿ ಹಾಕಲಿಲ್ಲ.

ನಾಲ್ಕರ ಬಸ್ಸು ಐದಕ್ಕೆ ಬಂತು. ಕೆಂಪಪ್ಪನವರು ಕೈಕಾಲು ತೊಳೆದು, ಮನೆಯನ್ನು ಮೂಲೆಮೂಲೆ ನೋಡಿ, ಎಲೆಯ ಮುಂದೆ ಕುಳಿತರು. ಒಂದು ತುತ್ತು. ಎರಡು ತುತ್ತು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಚಿಕ್ಕಬೀರಪ್ಪ ಸೌಟು ಹಿಡಿದು ಪಕ್ಕದಲ್ಲೇ ನಿಂತ. ಹಿತ್ತಲ ಬಾಗಿಲ ಸಂದಿಯಲ್ಲಿ ಎರಡು ಜೋಡಿ ಕಣ್ಣು.

ಮಾವ ಮೂರು ಸಲ ಸಾರು ಹಾಕಿಸಿಕೊಂಡರು. ಮುದ್ದೆ ಮುಗಿಸಿ ಅನ್ನಕ್ಕೂ ಕಲಸಿದರು. ಮೂಳೆ ಚೀಪಿದರು. ಕೊನೆಗೆ ಮಂಗಳವಾದ್ಯದಂಥ ಒಂದು ತೇಗು ಬಂತು.

"ಅಳಿಯಂದ್ರೆ, ನಿಜ ಹೇಳ್ತೀನಿ," ಎಂದರು, ಅಡಿಕೆ ಬಾಯಿಗೆ ಹಾಕಿಕೊಂಡು. "ನೀವು ಹೊಟ್ಟೆಗಿಲ್ದೆ ಸೊರಗಿರ್ತೀರಿ ಅಂತ ತುಂಗಂದು ದಿನಾ ಗೋಳು. ಕೇಳಿ ಕೇಳಿ ಸಾಕಾಗಿ, ಅವಳ ಟ್ರಂಕು ತುಂಬ್ಸಿಟ್ಟೇ ಬಂದೀನಿ. ಮನುಷ್ಯ ಬಡವಾಗಿದ್ರೆ ನಾಳೇನೇ ತಾಯಿ ಮಗೂನ ಕಳ್ಸಿಬಿಡೋಣ ಅಂತ."

"ನಾಳೇನೇ!" ಚಿಕ್ಕಬೀರಪ್ಪನ ಮುಖ ಅರಳಿತು.

"ಈಗ ಏನೂ ಅವಸರ ಇಲ್ಲ ಬಿಡಿ ಮಾರಾಯ್ರೆ! ಇಂಥ ಸಾರು ನನ್ನ ಮಗಳಿಗೇ ಮಾಡಾಕೆ ಬರಲ್ಲ. ಯುಗಾದಿ ಕಳೀಲಿ, ಮಗೂಗೂ ನಾಲ್ಕು ಹಲ್ಲು ಬರಲಿ. ನಿಶ್ಚಿಂತೆಯಾಗಿ ಕಳ್ಸಿದ್ರಾಯ್ತು."

ಚಿಕ್ಕಬೀರಪ್ಪ ಸೌಟು ಬಿಟ್ಟು ಕೈ ಮುಗಿದ. "ಇಲ್ಲ ಮಾವ! ದಿನಾ ಹಿಂಗಿರಲ್ಲ! ನಾನು ದಿನಾ ಗಂಜಿ ಕುಡಿಯೋನು! ಒಂದೊಂದು ದಿನ ಅದೂ ಇಲ್ಲ!"

ಹಿತ್ತಲ ಬಾಗಿಲು ದಢಾರನೆ ತೆರೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದ ದ್ಯಾಮಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ಎಲಾ ಇವನಾ! ಕೆಂಪಪ್ಪನೋರೆ, ಸುಳ್ಳು ನಂಬಬ್ಯಾಡ್ರಿ. ಇಷ್ಟು ಜನ ನಾವಿದ್ದು ಇವನ್ನ ಉಪಾಸ ಕೆಡವ್ತೀವಾ? ಯುಗಾದಿ ಯಾಕೆ, ಮುಂದಿನ ಗೌರಿಹಬ್ಬಕ್ಕೆ ಕಳ್ಸಿದ್ರೂ ನಾವು ನೋಡ್ಕಂತೀವಿ!"

"ನೋಡಿದ್ರಾ ಅಳಿಯಂದ್ರೆ, ಎಂಥ ಜನ!" ಕೆಂಪಪ್ಪನವರ ಕಣ್ಣಲ್ಲಿ ನೀರಾಡಿತು. ಪಕ್ಕದಲ್ಲಿದ್ದ ಚಾಪೆ ಬಿಡಿಸಿ, ಚೀಲವನ್ನೇ ತಲೆಗಿಟ್ಟುಕೊಂಡು ಹಾಯಾಗಿ ಕಾಲು ಚಾಚಿದರು.

"ನಾನೂ ಒಂದೆಂಟು ದಿನ ಇಲ್ಲೇ ಇರ್ತೀನಿ. ನಾಳೆ ಖಾರ ಸ್ವಲ್ಪ ಕಮ್ಮಿ ಹಾಕಿ."