ಅತ್ತೆಯವರ ವಿಮಾನ ಪ್ರಸ್ಥಾನ

ಹೆಂಡತಿಯ ತವರಿನವರ ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಬಾರದೆಂದು ಮದುವೆಯ ದಿನವೇ ಯಾರಾದರೂ ನನಗೆ ಹೇಳಬೇಕಿತ್ತು. ಧಾರವಾಡದಲ್ಲಿ ಇಷ್ಟು ಜನ ಮಾಸ್ತರರಿದ್ದೂ ಒಬ್ಬರೂ ಹೇಳಲಿಲ್ಲ.

ನಮ್ಮ ಅತ್ತೆ ಗೋದಾಬಾಯಿಯವರಿಗೆ ಅರವತ್ತೆಂಟು. ಹಿತ್ತಲಲ್ಲಿ ಜಾರಿ ಬಿದ್ದಾಗಿನಿಂದ ಅವರ ಬಲಗಾಲು ಮಡಚುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಕರಾಚಿಯಲ್ಲಿದ್ದ ಕಿರಿಮಗಳು ರಜನಿಗೆ, ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಹೆಣ್ಣುಮಗು ಹುಟ್ಟಿತು. ಅದನ್ನೊಮ್ಮೆ ಎತ್ತಿಕೊಳ್ಳಬೇಕೆಂಬುದೊಂದೇ ಅತ್ತೆಯವರ ಆಸೆ. ಮುಂಬಯಿತನಕ ಹೇಗೋ ರೈಲು, ಮುಂದೆ ವಿಮಾನ ಎಂದು ರಜನಿಯ ಗಂಡ ದತ್ತು ಅವರೊಬ್ಬರದೇ ಟಿಕೆಟ್ ಕಳಿಸಿದ. ಜೊತೆಗೆ ಕಂಪನಿಯ ಕಾಗದವೂ ಬಂತು: ವಿಮಾನದ ಏಣಿಯ ಆರು ಮೆಟ್ಟಿಲನ್ನು ಪ್ರಯಾಣಿಕರು ತಾವೇ ಹತ್ತಬೇಕು, ಹತ್ತದವರನ್ನು ಒಯ್ಯಲಾಗದು.

ನಾನು ವಿಮಾನವನ್ನು ಕಂಡದ್ದು ಆಕಾಶದಲ್ಲಿ, ಅದೂ ಹಣೆಗೆ ಕೈ ಅಡ್ಡ ಹಿಡಿದು. ಆದರೂ ಮನೆಯಲ್ಲಿ ಪತ್ರಿಕೆ ಓದುವವನು ನಾನೊಬ್ಬನೇ ಆದ್ದರಿಂದ ವಿಮಾನಶಾಸ್ತ್ರ ಪಾರಂಗತನಾದೆ. ಕಿವಿಗೆ ಅರಳೆ, ಬಾಯಿಗೆ ಲವಂಗ, ಹೊಟ್ಟೆಗೆ ಬರೀ ಅವಲಕ್ಕಿ ಎಂದು ಎರಡು ಹಾಳೆ ಉಪದೇಶ ಬರೆದೆ.

ಅಷ್ಟರಲ್ಲಿ ಹೊರಡುವ ದಿನ ಅಮಾವಾಸ್ಯೆ ಎಂದು ತಿಳಿಯಿತು. ಇದಕ್ಕೆ ನಮ್ಮಲ್ಲಿ ಉಪಾಯವುಂಟು. ಮೊದಲೇ ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣಿಕರ ವಸ್ತುವೊಂದನ್ನು ನೆರೆಮನೆಯಲ್ಲಿ ಇಟ್ಟುಬಿಟ್ಟರೆ ಅವರು ಆಗಲೇ ಹೊರಟಂತೆ, ಇದೇ ಪ್ರಸ್ಥಾನ. ಜನ ಅಕ್ಕಿಯ ಗಂಟು ಇಡುತ್ತಾರೆ. ನಾನು ಅತ್ತೆಯವರ ಊರುಗೋಲನ್ನೇ ಒಯ್ದು ಪಕ್ಕದ ಮನೆಯ ರಮಾಕಾಂತರಾಯರ ಪಡಸಾಲೆಯಲ್ಲಿಟ್ಟು ಬಂದೆ. (ಪ್ರಯಾಣಕ್ಕೆ ಅಕ್ಕಿಗಿಂತ ಕೋಲು ಮುಖ್ಯವಲ್ಲವೇ?)

ಹೆಂಡತಿ ಸುಹಾಸಿನಿ ಸೌಟು ಹಿಡಿದೇ ಹೊರಗೆ ಬಂದಳು. “ಇನ್ನ ನಾಕ ದಿನ ಅವ್ವ ಹ್ಯಾಂಗ ಅಡ್ಡಾಡಬೇಕ್ರಿ?”

“ತಿರುಗಿ ತರ್ತೇನಿ, ತಗೋ.”

“ಇಟ್ಟ ಪ್ರಸ್ಥಾನ ಮನಿಗೆ ತಂದ್ರ ಪ್ರಯಾಣ ಮುರದಂಗ. ಅವ್ವ ಕೂಸಿನ ಮಾರಿ ನೋಡೂದು ಬ್ಯಾಡೇನು?”

ಪೇಟೆಯಿಂದ ತಂದ ಹೊಸ ಕೋಲು ಅತ್ತೆಯವರಿಗೆ ಗಿಡ್ಡವಾಯಿತು. ನನ್ನ ಹೆಗಲು ಮಾತ್ರ ಅಳತೆ ತೆಗೆದು ಮಾಡಿಸಿದಂತೆ ಹೊಂದಿತು. ಬಚ್ಚಲಿಗೆ, ದೇವರ ಮನೆಗೆ, ತುಳಸಿಗೆ, ಎಲ್ಲದಕ್ಕೂ ನಾನೇ ಊರುಗೋಲು. ಹೇಗೂ ಹೆಗಲು ಕೊಟ್ಟಾಗಿತ್ತು, ಅಟ್ಟದ ಮೆಟ್ಟಿಲನ್ನೂ ಹತ್ತಿಸತೊಡಗಿದೆ. ಮೊದಲ ದಿನ ಎರಡನೆಯ ಮೆಟ್ಟಿಲಿಗೇ ಕುಸಿದು ಅತ್ತರು. ಒಳ್ಳೆಯ ಕಾಲು ಮೊದಲು ಮೇಲಿಡಬೇಕೆಂದು ಅವರೇ ಕಂಡುಕೊಂಡರು. (ನನ್ನ ಎರಡು ಹಾಳೆಯಲ್ಲಿ ಅದಿರಲಿಲ್ಲ.) ನಾಲ್ಕನೆಯ ದಿನ ನನ್ನನ್ನು ಬಿಟ್ಟು, ಗೋಡೆ ಹಿಡಿದು, ಆರು ಮೆಟ್ಟಿಲು ಹತ್ತಿ ನಕ್ಕರು. ಆ ಸಂತೋಷದಲ್ಲಿ ನನ್ನ ಸೊಂಟ ನೆಟ್ಟಗಾಗುವುದನ್ನೇ ಬಿಟ್ಟದ್ದು ಗಮನಕ್ಕೆ ಬರಲಿಲ್ಲ.

ರಮಾಕಾಂತರಾಯರಲ್ಲಿ ಕೋಲು ಎತ್ತಿಕೊಂಡು ನಾನೂ ಅತ್ತೆಯವರೂ ಮುಂಬಯಿ ಮುಟ್ಟಿದೆವು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಕುಂಟುವ ಮುದುಕರನ್ನು ಏಣಿಯ ಬುಡದತನಕ ಒಯ್ಯಲು ಇಬ್ಬರು ಆಳುಗಳು ಬೆತ್ತದ ಕುರ್ಚಿ ಹೊತ್ತು ಬಂದರು. ಕೋಲೂರಿ ನೆಟ್ಟಗೆ ನಿಂತ ಅತ್ತೆಯವರನ್ನು ನೋಡಿದರು, ಬಗ್ಗಿ ನಿಂತ ನನ್ನನ್ನು ನೋಡಿದರು, ಕುರ್ಚಿಯನ್ನು ನನ್ನ ಮುಂದಿಟ್ಟರು.

“ಕೂಡ್ರಿ ಅಳಿಯಂದ್ರ, ನಾಚಬ್ಯಾಡ್ರಿ,” ಎಂದರು ಅತ್ತೆ. “ನಾ ನಡದ ಹೊಂಟೇನಿ.”

ಕೂತೆ. ಮುಂದೆ ಅತ್ತೆ, ಹಿಂದೆ ನನ್ನ ಮೆರವಣಿಗೆ. ಅವರು ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲೊಳಗೆ ಹೋದರು. ನನ್ನ ಹತ್ತಿರ ಟಿಕೆಟ್ ಇಲ್ಲವೆಂದು ತಿಳಿದ ಆಳುಗಳು ನನ್ನನ್ನು ಇಳಿಸಿ, ಕುರ್ಚಿ ಹೊತ್ತುಕೊಂಡು ಹೊರಟುಹೋದರು. ಆ ದೊಡ್ಡ ಬಯಲಿನ ನಡುವೆ, ಹಿಡಿದುಕೊಳ್ಳಲು ಒಬ್ಬರ ಹೆಗಲೂ ಇಲ್ಲದೆ, ನಾನು ಬಗ್ಗಿಕೊಂಡು ನಿಂತಿದ್ದೆ.