ಪ್ರಳಯ ಮತ್ತು ಹಿತ್ತಾಳಿ ಕಿಟ್ಲಿ

ನಮ್ಮ ಮಾವನವರು ಟಿ.ವಿ. ನೋಡುವುದಿಲ್ಲ, ತಪಾಸಣೆ ಮಾಡುತ್ತಾರೆ! ಬೇರೆಯವರ ಮನೆಯಲ್ಲಿ ಒಂದು ತಾಸಿನಲ್ಲಿ ಮುಗಿಯುವ ಧಾರಾವಾಹಿಯ ಭಾಗ ನಮ್ಮ ಮನೆಯಲ್ಲಿ ಸೋಮವಾರ ಶುರುವಾದರೆ ಬುಧವಾರಕ್ಕೆ ಮುಗಿದರೆ ಪುಣ್ಯ. ರಿಮೋಟ್ ಅವರ ಕೈಯಲ್ಲಿ. ಚಿತ್ರ ಹೆಜ್ಜೆ ಹೆಜ್ಜೆಗೂ ನಿಲ್ಲಬೇಕು. ನಿಂತ ಚಿತ್ರದ ಮುಂದೆ ಅವರು ಮೂಗು ಪರದೆಗೆ ತಾಗುವಂತೆ ನಿಂತು, ಕನ್ನಡಕ ಹಣೆಗೇರಿಸಿ, ಮೂಲೆ ಮೂಲೆ ಹುಡುಕಬೇಕು. ಅಷ್ಟು ಹೊತ್ತೂ ನಮಗೆಲ್ಲ ಕಾಣುವುದು ಅವರ ಬೆನ್ನು ಮಾತ್ರ.

ಏನು ಹುಡುಕುತ್ತಾರೆ ಅಂತೀರಾ? ಅದನ್ನು ಹೇಳಬೇಕಾದರೆ ಕಥೆಯನ್ನು ಹೇಳಬೇಕು. ಲೋಕವೆಲ್ಲ ಹಾಳಾಗಿ ಹೋದ ಮೇಲೆ ಬದುಕಿ ಉಳಿದ ಅಣ್ಣತಮ್ಮಂದಿರಿಬ್ಬರು ನೀರಿರುವ ಊರೊಂದನ್ನು ಹುಡುಕಿಕೊಂಡು ಹೋಗುವ ಧಾರಾವಾಹಿ ಅದು. ಮೊದಲು ವಿಡಿಯೋ ಗೇಮ್ ಆಗಿತ್ತು, ಈಗ ಟಿ.ವಿ.ಗೆ ತಂದಿದ್ದಾರೆ. ತಂದವರು ಸುಮ್ಮನಿರಬೇಕೋ ಬೇಡವೋ? ಆಟ ಆಡಿದವರಿಗೆ ಮಾತ್ರ ಗೊತ್ತಾಗಲಿ ಎಂದು ಅಲ್ಲಲ್ಲಿ ಆಟದ ಗುರುತುಗಳನ್ನು ಬಚ್ಚಿಟ್ಟಿದ್ದಾರೆ. ಆಟದಲ್ಲಿದ್ದ ಹರಿದ ಕ್ಯಾಲೆಂಡರ್ ಇಲ್ಲಿ ಯಾವುದೋ ಪಾಳುಮನೆಯ ಗೋಡೆಯ ಮೇಲೆ ಇರುತ್ತದೆ. ಆಟದ ನೀಲಿ ಛತ್ರಿ ಇಲ್ಲಿ ಮುರಿದ ಬಸ್ಸಿನ ಸೀಟಿನಡಿ ಬಿದ್ದಿರುತ್ತದೆ. ಇವನ್ನೆಲ್ಲ ಕಂಡುಹಿಡಿಯುವುದು ನಮ್ಮ ಮಾವನವರ ಈಗಿನ ಉದ್ಯೋಗ.

ಅವರ ಹಿಂದಿನ ಉದ್ಯೋಗ ದುರ್ಗದಬೈಲಿನಲ್ಲಿ ಭಾಂಡೆ ಅಂಗಡಿ. ಈಗ ಅಲ್ಲಿ ನನ್ನ ಗಂಡ ಕೂಡುತ್ತಾರೆ. ಜೀವಮಾನವಿಡೀ ಪಾತ್ರೆ ಮಾರಿದವರ ಕಣ್ಣು ಸುಮ್ಮನಿರುತ್ತದೆಯೇ? ಒಮ್ಮೆ ತೆರೆಯ ಮೇಲೆ ಭಯಂಕರ ಕಾಳಗ ನಡೆದಿತ್ತು. ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ. ಆಗ ಚಿತ್ರ ಗಪ್ಪನೆ ನಿಂತಿತು.

“ನೋಡವಾ, ಆ ಒಲಿ ಮ್ಯಾಲಿನ ಚಾದ ಕಿಟ್ಲಿ! ಆಟದಾಗ ಇದ್ದದ್ದು ಇದ ಹಿತ್ತಾಳಿ ಕಿಟ್ಲಿ. ಹಿಡಿಕಿ ಬಾಜೂಕ ನೆಗ್ಗೈತಿ ನೋಡು, ಅದೂ ಹಂಗ ಐತಿ.”

“ಮಾವಾರ, ಅಲ್ಲಿ ಆ ಹುಡುಗನ ಕುತಿಗಿ ಹಿಡದಾರ್ರಿ!”

“ಹಿಡೀಲಿ ಬಿಡು. ಕಿಟ್ಲಿ ನೋಡು.”

ನಮ್ಮ ಅಪ್ಪ ಲಕಮನಹಳ್ಳಿಯಿಂದ ನನ್ನನ್ನು ಕಾಣಲು ಬಂದಾಗಲೂ ಇದೇ ಪಾಡು. ಚಹಾ ಕೈಯಲ್ಲಿ ಹಿಡಿದದ್ದೇ ತಡ, ಮಾವನವರು ಒಂದು ಕತ್ತಲೆಯ ಚಿತ್ರ ನಿಲ್ಲಿಸಿ, “ಬೀಗರ, ಆ ಮೂಲ್ಯಾಗ ಏನ ಕಾಣ್ತೈತಿ ಹೇಳ್ರಿ ನೋಡೂಣು” ಎಂದರು. ಅಪ್ಪ ಮರ್ಯಾದಸ್ಥರು. ಕಣ್ಣು ಕಿರಿದು ಮಾಡಿ ನೋಡಿಯೇ ನೋಡಿದರು. “ಇಬ್ಬರು ಮುದುಕರು ಚಾ ಕುಡ್ಯಾಕತ್ತಾರ್ರಿ” ಎಂದರು. ಮಾವನವರು ಹೌಹಾರಿ ಪರದೆಯ ಹತ್ತಿರ ಓಡಿದರು. ಕರಿ ಗಾಜಿನಲ್ಲಿ ಕಂಡದ್ದು ಇವರಿಬ್ಬರದೇ ನೆರಳು!

ಅತ್ತೆಯವರಿಗಂತೂ ಈ ಧಾರಾವಾಹಿಯಲ್ಲಿ ಹೆದರುವಂಥದ್ದು ಏನಿದೆ ಎಂಬುದೇ ಅರ್ಥವಾಗಿಲ್ಲ. “ನಳಕ್ಕ ನೀರಿಲ್ಲ, ರಸ್ತಾ ಅಗದ ಒಗದಾರ, ಕರೆಂಟ್ ಹೋಗೇತಿ, ಎಲ್ಲೆ ನೋಡಿದ್ರೂ ಧೂಳ. ಇದೇನ ಪ್ರಳಯ? ಇದು ನಮ್ಮ ಓಣಿ!” ಎಂದು ಹೇಳಿ ಮೆಂತ್ಯ ಸೋಸುತ್ತಾ ಕೂಡುತ್ತಾರೆ.

ಇಷ್ಟು ವಯಸ್ಸಿನವರು ವಿಡಿಯೋ ಗೇಮ್ ಆಡಿದ್ದು ಹೇಗೆ? ನನ್ನ ಗಂಡ ಕಾಲೇಜಿನಲ್ಲಿದ್ದಾಗ ಆಟ ಆಡುವ ಯಂತ್ರವನ್ನು ತಂದಿದ್ದರಂತೆ. ಹುಡುಗ ಓದು ಬಿಟ್ಟು ಕೆಡುತ್ತಾನೆಂದು ಮಾವನವರು ಅದನ್ನು ಕಿತ್ತುಕೊಂಡರು. ಕಿತ್ತುಕೊಂಡ ಮೇಲೆ, ಇದರಲ್ಲಿ ಕೆಡಿಸುವಂಥದ್ದು ಏನಿದೆ ಎಂದು ನೋಡಬೇಕಲ್ಲ? ನೋಡಲು ತಮ್ಮನನ್ನೂ ಕರೆದರು. ಆವತ್ತು ಹೋದ ಯಂತ್ರ ನನ್ನ ಗಂಡನಿಗೆ ಇವತ್ತಿನವರೆಗೆ ವಾಪಸು ಬಂದಿಲ್ಲ!

ಆ ತಮ್ಮ, ಅಂದರೆ ನಮ್ಮ ಸಣ್ಣಮಾವ, ಇರುವುದು ಗೋಡೆಯಾಚೆಗೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದಾರೆ. ಹಿತ್ತಲು ಒಂದೇ, ನಳ ಒಂದೇ. ಅಂಗಡಿ ಮುಚ್ಚಿ ಬಂದ ಮೇಲೆ ಅಣ್ಣ ತಮ್ಮ ಧೋತರ ಬನಿಯನ್ನಿನಲ್ಲಿ ಚಾಪೆಯ ಮೇಲೆ ಕೂತು ಆಡುತ್ತಿದ್ದರು. ಗುಂಡಿ ಒತ್ತುವುದು ಅಣ್ಣ, ದಾರಿ ಹೇಳುವುದು ತಮ್ಮ. “ಎಡಕ್ಕ ಹೋಗಂದ್ರ ಗ್ವಾಡಿಗೆ ಹಾಯ್ತಿಯಲ್ಲೋ ಅಣ್ಣಾ!” “ನೀ ಹೇಳಿದ ಎಡಕ್ಕ ಗ್ವಾಡಿನ ಐತೋ ತಮ್ಮಾ!” ಒಬ್ಬರನ್ನು ಬಿಟ್ಟು ಒಬ್ಬರು ಒಂದು ಹೆಜ್ಜೆಯೂ ಮುಂದೆ ಹೋಗಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಸಣ್ಣಮಾವನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಯಾರಾದರೂ ತಪ್ಪು ಹೇಳಿದರೆ ಅದನ್ನು ಕೇಳಿ ಸುಮ್ಮನಿರುವುದು ಅವರ ಹಣೆಬರಹದಲ್ಲಿ ಬರೆದಿಲ್ಲ. ಬಸ್ಸಿನ ಕಂಡಕ್ಟರ್ ಊರಿನ ಹೆಸರು ತಪ್ಪಿ ಕೂಗಿದರೆ ಇವರು ಕಿಟಕಿಯಿಂದ ತಲೆ ಹೊರಹಾಕಿ ಸರಿಯಾಗಿ ಕೂಗುತ್ತಾರೆ. ನನ್ನ ಮದುವೆಯಲ್ಲೇ ಅಯ್ಯನವರು ತಿಥಿ ತಪ್ಪಿ ಹೇಳಿದರೆಂದು, ಅಕ್ಕಿಕಾಳು ಹಿಡಿದು ನಿಂತ ಇಡೀ ಮಂಟಪಕ್ಕೆ “ತಡೀರಿ!” ಎಂದು ಕೈ ಎತ್ತಿದ ಮಹಾನುಭಾವರು ಇವರು. ನಾನು ತಲೆ ತಗ್ಗಿಸಿ, ಮದುವೆಯೇ ಮುರಿಯಿತೆಂದು ನಡುಗುತ್ತಾ ಕೂತಿದ್ದೆ. ತಿಥಿ ಸರಿಯಾದ ಮೇಲೆಯೇ ನನಗೆ ಗಂಡ ಸಿಕ್ಕಿದ್ದು!

ಇಂಥ ಅಣ್ಣತಮ್ಮಂದಿರು ಮಾತು ಬಿಟ್ಟರು. ಆಸ್ತಿಗಲ್ಲ, ದುಡ್ಡಿಗಲ್ಲ, ಆಟಕ್ಕೆ! ಮಾವನವರಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ಚೇತರಿಸಿಕೊಂಡ ಮೇಲೆ ಅಮ್ಮಿನಬಾವಿಗೆ ಒಂದು ಮದುವೆಗೆ ಹೋದರು. ಬರುವಷ್ಟರಲ್ಲಿ ಸಣ್ಣಮಾವ ಒಬ್ಬರೇ ಕೂತು ಆಟವನ್ನು ಕೊನೆ ಮುಟ್ಟಿಸಿಬಿಟ್ಟಿದ್ದರು. ಅಷ್ಟೇ ಅಲ್ಲ, ಆಟದ ಡಿಸ್ಕನ್ನೂ ಕಳೆದುಬಿಟ್ಟಿದ್ದರು! ಯಾಕೆ, ಏನು ಎಂದು ಕೇಳಿದರೆ ಬಾಯೇ ಬಿಡಲಿಲ್ಲ. ಮಾವನವರು ಸಿಟ್ಟಿನಲ್ಲಿ, “ಕಡೀ ಹೆಜ್ಜಿಗೆ ನನ್ನ ಬಿಟ್ಟ ಹ್ವಾದಾಂವ ನನ್ನ ತಮ್ಮ ಅಲ್ಲ!” ಎಂದುಬಿಟ್ಟರು. ಗೋಡೆ ಅಷ್ಟು ವರ್ಷ ಬರೀ ಗೋಡೆಯಾಗಿತ್ತು. ಆವತ್ತಿನಿಂದ ನಿಜವಾಗಿ ಅಡ್ಡ ನಿಂತಿತು.

ಸಿಟ್ಟು ಬೇಗ ಇಳಿಯಿತು, ಆದರೆ ಮಾತಾಡಲು ಮೊದಲು ಬಾಯಿ ತೆರೆಯುವವರು ಯಾರು? ಅಣ್ಣನೇ ಮೊದಲು ಮಾತಾಡಿದರೆ ಹಿರಿತನ ಎಲ್ಲಿ ಉಳಿಯಿತು! ತಮ್ಮನನ್ನು ಮಾತಾಡಿಸದೆ ಇರಲೂ ಆಗುತ್ತಿಲ್ಲ. ಹಬ್ಬಕ್ಕೆ ಹೋಳಿಗೆ ತಟ್ಟೆಗೆ ಬಿದ್ದರೆ ಮಾವನವರ ಕಣ್ಣು ಗೋಡೆಯ ಕಡೆಗೇ ಹೋಗುತ್ತಿತ್ತು. ನನಗೆ ನೋಡಿ ಕರುಳು ಚುರ್ ಅನ್ನುತ್ತಿತ್ತು. ಈ ಧಾರಾವಾಹಿ ಶುರುವಾದಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಟಿ.ವಿ.ಯನ್ನು ನಡುಗೋಡೆಗೆ ತಾಗಿಸಿ ಇಟ್ಟರು. ಆಮೇಲೆ, ಬೇಕೆಂತಲೇ, ಗಂಟಲು ಹರಿಯುವಂತೆ ತಪ್ಪು ಹೇಳತೊಡಗಿದರು!

“ಆಟದಾಗ ಛತ್ರಿ ಕೆಂಪಂದಿತ್ತೂ!”

ಗೋಡೆಯಾಚೆ ಕೆಮ್ಮು.

“ಆಟದಾಗ ಹಿರ್ಯಾ ಅಣ್ಣ ಎಡಗೈಲೆ ಉಣ್ತಿದ್ದಾ!”

ಗೋಡೆಯಾಚೆ ದಬ್ ಎಂದು ಏನೋ ಬಿತ್ತು. ಸಣ್ಣಮಾವನ ಹೆಂಡತಿ, ನಮ್ಮ ಸಣ್ಣತ್ತೆ, ನಳದ ಹತ್ತಿರ ನನಗೆ ಸಿಕ್ಕಾಗ ವರದಿ ಕೊಡುತ್ತಿದ್ದರು. “ನಿನ್ನಿ ಟಾವೆಲ್ ಬಾಯಾಗ ತುರಕೊಂಡ ಕುಂತಿದ್ರವಾ. ಮೊನ್ನಿ ಎದ್ದು ಹಿತ್ತಲದ ಬಾಗಲತನಕ ಬಂದ್ರು, ಮತ್ತ ಹೊಳ್ಳಿ ಹ್ವಾದ್ರು.”

ಮಾವನವರು ಛಲ ಬಿಡಲಿಲ್ಲ. ಒಂದು ಭಾಗದಲ್ಲಿ ಕಂಬಳಿ ಹೊದ್ದ ಭಿಕ್ಷುಕನೊಬ್ಬ ಎರಡೇ ಮಾತಾಡಿ ಹೋಗುತ್ತಾನೆ. ಆಟದಲ್ಲಿ ಅಣ್ಣನ ಪಾತ್ರಕ್ಕೆ ದನಿ ಕೊಟ್ಟವನೇ ಅವನು! ಮಾವನವರು ದನಿ ಕೇಳಿದ ಕೂಡಲೇ ಎದ್ದು ನಿಂತು ಟಿ.ವಿ.ಗೆ ಕೈ ಮುಗಿದರು. ಮುಗಿದ ಕೈ ಇಳಿಸುವ ಮೊದಲೇ ಗೋಡೆಯ ಕಡೆ ತಿರುಗಿ, “ಇಂವ ಯಾವನೋ ಗೊತ್ತ ಇಲ್ಲಪಾ!” ಎಂದು ಕೂಗಿದರು. ಗೋಡೆಯಾಚೆ ಯಾರೋ ಹಣೆ ಹಣೆ ಚಚ್ಚಿಕೊಂಡ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾತು ಮಾತ್ರ ಬರಲಿಲ್ಲ.

ತಪ್ಪು ಕೇಳಿದರೆ ಜೀವ ಹೋಗುವ ಮನುಷ್ಯ ಇಷ್ಟು ತಡೆದುಕೊಂಡಿದ್ದಾನೆಂದರೆ ಇದು ಬರೀ ಹಟ ಇರಲಾರದು ಎನಿಸಿ, ಒಂದು ದಿನ ನಳಕ್ಕೆ ನೀರು ಬಂದಾಗ ಸಣ್ಣತ್ತೆಯನ್ನು ಹಿಡಿದು ಕೇಳಿದೆ. ಅವರು ಕೊಡ ಕೆಳಗಿಟ್ಟು ಅತ್ತಿತ್ತ ನೋಡಿದರು.

“ನಿಮ್ಮ ಮಾವಗ ಹೇಳಿದಿ ಅಂದ್ರ ನನ್ನ ಆಣಿ. ಎದಿಗೆ ದಸಕ್ ಅನ್ನುವಂಥಾದ್ದು ಏನೂ ನೋಡಬಾರದಂತ ಡಾಕ್ಟರ್ ಹೇಳಿದ್ರಲ್ಲಾ? ಅಣ್ಣಗ ತೋರಸೂಕಿಂತ ಮೊದಲ ಕಡೀಕ ಏನೈತಿ ನಾ ನೋಡ್ತೇನಿ ಅಂತ ಕುಂತ್ರು. ಕಡೀಕ ಆ ಹಿರ್ಯಾ ಅಣ್ಣ ಊರ ಬಾಗಲಕ ಬಂದು, ಎದಿ ಹಿಡಕೊಂಡ ಕುಂತು, ಸಾಯ್ತಾನಂತ. ಸಣ್ಣಾಂವ ಒಬ್ಬನ ಒಳಗ ಹೋಗಬೇಕಂತ. ನೋಡಿ, ಸಣ್ಣ ಹುಡುಗರಂಗ ಅತ್ರವಾ. ಡಿಸ್ಕ್ ನನ್ನ ಅಕ್ಕಿ ಡಬ್ಬ್ಯಾಗ ಐತಿ.”

ನನ್ನ ಕೊಡ ತುಂಬಿ ಹರಿದು ಕಾಲು ತೊಯ್ದರೂ ನನಗೆ ಗೊತ್ತಾಗಲಿಲ್ಲ. ಈ ಕಡೆ ಒಬ್ಬರು ಮಾತಿಗಾಗಿ ಸುಳ್ಳು ಕೂಗುತ್ತಿದ್ದಾರೆ, ಆ ಕಡೆ ಒಬ್ಬರು ಅಣ್ಣನ ಎದೆಗಾಗಿ ನಿಜ ನುಂಗುತ್ತಿದ್ದಾರೆ. ನಡುವೆ ನಾನು, ಆಣೆ ಹಾಕಿಸಿಕೊಂಡು! ಆಟವನ್ನೇನೋ ಅಕ್ಕಿಯಲ್ಲಿ ಹುಗಿಯಬಹುದು. ಆದರೆ ಆ ಕೊನೆಯೇ ಧಾರಾವಾಹಿಯಾಗಿ ಮನೆಗೆ ಬರುತ್ತಿದೆಯಲ್ಲ? ಅದನ್ನು ಯಾವ ಡಬ್ಬಿಯಲ್ಲಿ ಇಡೋಣ?

ಕೊನೆಯ ಭಾಗ ಬಂದೇ ಬಂತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಾವನವರು ರಿಮೋಟ್ ಹಿಡಿದರು. “ಕರೆಂಟ್ ಹೋಗತೈತಿ ಅಂತ್ರಿ” ಎಂದೆ, ಹೋಗಲಿಲ್ಲ. “ಒಂದ ನಿದ್ದಿ ಮಾಡ್ರಿ ಮಾವಾರ” ಎಂದೆ, ಕೇಳಲಿಲ್ಲ. ನಾನು ಹಿತ್ತಲ ಬಾಗಿಲಿಗೆ ಓಡಿ, ಯಾರಿಗೂ ಅಲ್ಲವೆಂಬಂತೆ ಗಟ್ಟಿಯಾಗಿ ಹೇಳಿದೆ. “ಮಾವಾರು ಕಡೀ ಭಾಗ ಒಬ್ಬರ ನೋಡಾಕತ್ತಾರ!”

ಒಳಗೆ ಬಂದರೆ ಮಾವನವರು ತಮ್ಮ ಬತ್ತಳಿಕೆಯ ದೊಡ್ಡ ಬಾಣ ತೆಗೆದಿದ್ದರು. ಗೋಡೆಗೆ ಬಾಯಿ ಹಚ್ಚಿ, “ಆಟದಾಗ ಆ ಕಿಟ್ಲಿ ಜರ್ಮನ್ದಿತ್ತೂ!” ಎಂದು ಕೂಗಿದರು. ನಮ್ಮ ಕಡೆ ಜರ್ಮನ್ ಅಂದರೆ ಅಲ್ಯೂಮಿನಿಯಂ. ಭಾಂಡೆ ವ್ಯಾಪಾರಿಯೇ ಹಿತ್ತಾಳೆಯನ್ನು ಜರ್ಮನ್ ಎಂದರೆ ಸತ್ತ ಹಿರಿಯರೂ ಎದ್ದು ಕೂಡಬೇಕು!

ಹಿತ್ತಲ ಬಾಗಿಲು ಧಡಾರನೆ ತೆರೆಯಿತು. ಸಣ್ಣಮಾವ ಬನಿಯನ್ನಿನಲ್ಲೇ ಒಳಗೆ ನುಗ್ಗಿ ಬಂದರು. ಹಿಂದೆಯೇ ಸಣ್ಣತ್ತೆ.

“ಹಿತ್ತಾಳಿದು! ಹಿತ್ತಾಳಿದೈತಿ ಅದು!”

ಮಾವನವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಗೆದ್ದೆನೆಂದು ಬೀಗುತ್ತಾರೆಂದುಕೊಂಡೆ. ಇಲ್ಲ, ಚಾಪೆ ಬಿಡಿಸಿ ಹಾಸಿದರು. “ಮೊದಲ ನೋಡಿದ್ರ ನೋಡೀದಿ, ಹೋಗ್ಲಿ ಬಿಡು. ನೀ ಮಾತ ಬಿಟ್ಟ ಮ್ಯಾಲ ನನಗ ಉಂಡದ್ದು ಮೈಗೆ ಹತ್ತಿಲ್ಲೋ ತಮ್ಮಾ. ಬಾ, ಬಾಜೂಕ ಕುಂದ್ರು.”

ಸಣ್ಣಮಾವ ಚಾಪೆಯ ಮೇಲೆ ಅಣ್ಣನಿಗೆ ತಾಗಿ ಕೂತರು. ಕಿಟ್ಲಿಯೇ ತಮ್ಮನನ್ನು ಎಳೆದು ತಂದಿತೆಂದು ಅಣ್ಣ ತಿಳಿದುಕೊಂಡರು, ತಿಳಿದುಕೊಳ್ಳಲಿ ಎಂದು ತಮ್ಮ ಬಿಟ್ಟರು. ತೆರೆಯ ಮೇಲೆ ಊರ ಬಾಗಿಲು ಕಂಡಿತು. ಹಿರಿಯ ಅಣ್ಣ ಎದೆ ಹಿಡಿದುಕೊಂಡು ಕುಸಿದು ಕೂತ. ಸಣ್ಣಮಾವ ತಟ್ಟನೆ ಮಾವನವರ ಮಣಿಕಟ್ಟು ಹಿಡಿದರು, ನಾಡಿಯ ಮೇಲೆ ಬೆರಳಿಟ್ಟು. ಸಣ್ಣತ್ತೆ ಕಣ್ಣು ಮುಚ್ಚಿಕೊಂಡರು. ಮಾವನವರು ಮೊದಲ ಸಲ ರಿಮೋಟ್ ಮರೆತಿದ್ದರು.

ಕೂತವನು ಸಾಯಲಿಲ್ಲ! ತಮ್ಮ ಕೈ ಕೊಟ್ಟ, ಅಣ್ಣ ಎದ್ದ, ಇಬ್ಬರೂ ಒಟ್ಟಿಗೇ ಬಾಗಿಲು ದಾಟಿದರು. ಧಾರಾವಾಹಿ ಮಾಡಿದವರು ಕೊನೆಯನ್ನು ಬದಲಾಯಿಸಿಬಿಟ್ಟಿದ್ದರು.

ಮಾವನವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಸಣ್ಣ ಮಗುವಿನ ಹಾಗೆ ನಗುತ್ತಾ ತಮ್ಮನ ಕಡೆ ತಿರುಗಿದರು. “ಆಟದಾಗೂ ಹಿಂಗ ಐತೇನೋ?”

ಸಣ್ಣಮಾವನ ಬಾಯಿ ತೆರೆಯಿತು. ನನ್ನ ಮದುವೆಯ ಅಕ್ಕಿಕಾಳನ್ನೇ ತಡೆದು ನಿಲ್ಲಿಸಿದ ಬಾಯಿ ಅದು. ಅವರು ಅಣ್ಣನ ಮುಖವನ್ನು ಒಂದು ಕ್ಷಣ ನೋಡಿದರು.

“ಹೂಂ ಅಣ್ಣಾ. ಹಿಂಗ ಐತಿ. ಏನೂ ಫರಕ್ ಇಲ್ಲ” ಎಂದರು. ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.