ರೇಸಿನ ಮುಂಚಿನ ದಿನ ನಾನು ಮಲಗಿದ್ದು

ನನಗಾಗ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಅಲ್ಲಿಯ ತನಕ ನಾನು ಹಗಲಲ್ಲಿ ಮಲಗಿದ್ದು ಹಡೆದಾಗ, ಮತ್ತೊಮ್ಮೆ ಚೇಳು ಕಡಿದಾಗ, ಅಷ್ಟೇ. ಹಗಲಲ್ಲಿ ಮಲಗಿದವರನ್ನು ಕಂಡರೆ ನನ್ನ ಕೈ ತಾನಾಗಿ ಕಸಬರಿಗೆಗೆ ಹೋಗುತ್ತದೆ. ಹೊಡೆಯಲಿಕ್ಕಲ್ಲ, ಅವರ ಸುತ್ತ ಕಸ ಗುಡಿಸಲಿಕ್ಕೆ. ಆ ಸಪ್ಪಳ ಕಿವಿಯ ಹತ್ತಿರ ಬಂತೆಂದರೆ ಎಂಥವರೂ ಏಳುತ್ತಾರೆ. ಬೈಯುವ ಕೆಲಸ ತಪ್ಪುತ್ತದೆ.

ಇಂಥ ಮನೆಯಲ್ಲಿ ಸೈಕಲ್ ರೇಸಿನ ಹುಡುಗಿ ಹುಟ್ಟಿದಳು. ಮೊಮ್ಮಗಳು ರೇಣುಕಾ, ನಮಗೆ ರೇಣಿ. ನಿಡಗುಂದಿಯಿಂದ ಬಾಗೇವಾಡಿ ರಸ್ತೆಗೆ ಬಿದ್ದಳೆಂದರೆ ಬಸ್ಸಿನವನು ಹಾರ್ನ್ ಹೊಡೆದು ದಾರಿ ಕೇಳಬೇಕು. ಆ ಸಲ ಕ್ರೀಡಾ ಹಾಸ್ಟೆಲ್ಲಿಗೆ ರೇಸ್ ಇಟ್ಟು ಆಯ್ಕೆ ಮಾಡುವವರಿದ್ದರು. ಅವಳ ವಯಸ್ಸಿಗೆ ಅದೇ ಕಡೆಯ ಅವಕಾಶ. ತಪ್ಪಿದರೆ ಕಲಿಸುವವರು ಕೊಟ್ಟಿದ್ದ ಆ ತೆಳ್ಳನೆ ಗಾಲಿಯ ಸೈಕಲ್ ತಿರುಗಿ ಕೊಟ್ಟು ಸುಮ್ಮನೆ ಕೂಡಬೇಕು. ಮಗ, ಸೊಸೆ ಇಂಡಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

ಅವಳಿಗೆ ಕಲಿಸುವ ಅಕ್ಕೋರು ಸಿಂದಗಿ ಕಡೆಯವರು, ನನ್ನ ಸೊಸೆಗಿಂತ ಸಣ್ಣವರು. ರೇಣಿಯ ಮುಂಗೈಗೆ ಒಂದು ಗಡಿಯಾರ ಕಟ್ಟಿದ್ದರು. ಅದು ವೇಳೆ ಹೇಳುವುದು ಕಡಿಮೆ, ಎದೆಬಡಿತ ಹೇಳುವುದೇ ಹೆಚ್ಚು. ಆಯ್ಕೆಯ ಮುಂಚಿನ ದಿನ ಬೆಳಿಗ್ಗೆ ಅಕ್ಕೋರು ಬಂದು ನೋಡಿದರೆ ಹುಡುಗಿ ಕೊಡ ಹೊತ್ತು ನಿಂತಿದ್ದಾಳೆ.

“ಅಜ್ಜಿ, ಇವತ್ತ ಅಕಿ ಏನೂ ಮಾಡಬಾರದು ಅಂತ ಹೇಳಿದ್ನೆಲ್ರಿ?”

“ನಾ ಏನೂ ಹಚ್ಚಿಲ್ಲವ್ವ. ನಾ ನೀರಿಗೆ ಎದ್ದೆ, ಅಕಿ ಕೊಡ ಕಸಗೊಂಡ್ಲು.”

“ಅಜ್ಜಿ ದುಡಿಯೂ ಮುಂದ ನಾ ಹ್ಯಾಂಗ ಮಲಗಲಿರಿ? ನೋಡಿದವರು ಏನಂತಾರ?” ಅಂದಳು ರೇಣಿ.

“ದುಡಿದ್ರ ಗಟ್ಟಿ ಆಗ್ತಾಳ,” ಅಂದೆ ನಾನು.

“ದುಡಿದಾಗ ಸ್ನಾಯು ಸವೀತಾವ್ರಿ. ಮಲಗಿದಾಗ ಗಟ್ಟಿ ಆಗ್ತಾವ. ಸಂಶೋಧನಾ ಮಾಡಿದವರು ಬರದಾರ. ಪುಸ್ತಕ ಬ್ಯಾಡಂದ್ರ ನನ್ನ ಕಾಲು ಕೇಳ್ರಿ. ಒಂದ್ಸಲ ರೇಸಿನ ಮುಂಚಿನ ದಿನ ಹೊಲದಾಗ ಜ್ವಾಳದ ಕಣಿಕಿ ಸೂಡು ಹೊತ್ತೆ. ಮರುದಿನ ಅರ್ಧ ದಾರ್ಯಾಗ ಸೈಕಲ್ ಇಳದೇನಿ.”

ನನಗೆ ನಮ್ಮಪ್ಪನ ಎತ್ತು ನೆನಪಾದವು. ಬಂಡಿ ಓಟ ಬಂತೆಂದರೆ ಅಪ್ಪ ಅವುಗಳ ಹೆಗಲಿಗೆ ನೊಗ ಮುಟ್ಟಿಸುತ್ತಿರಲಿಲ್ಲ. ಮೈ ತಿಕ್ಕಿ, ಹಿಂಡಿ ತಿನ್ನಿಸಿ, ನೆರಳಲ್ಲಿ ಕಟ್ಟುತ್ತಿದ್ದ. ಆ ಹಿಂಡಿ ಹೊತ್ತು ತರುತ್ತಿದ್ದವಳು ನಾನು. ಎತ್ತಿಗೆ ಕೊಟ್ಟ ರಜೆ ನನಗೆ ಯಾರೂ ಕೊಟ್ಟಿರಲಿಲ್ಲ, ಹಾಗಾಗಿ ಅದು ಮನುಷ್ಯರಿಗೂ ಬೇಕಾಗುತ್ತದೆಂದು ಹೊಳೆದಿರಲಿಲ್ಲ.

“ಅಕಿ ಮಲಗಬೇಕಂದ್ರ ಮೊದಲ ನೀವು ಮಲಗಬೇಕ್ರಿ,” ಅಂದರು ಅಕ್ಕೋರು.

ಮಲಗಿದೆ. ಮಲಗಿದರೆ ಮೇಲೆ ಜೇಡರ ಬಲೆ ಕಂಡಿತು. ಕಣ್ಣು ಮುಚ್ಚಿದರೆ ಹಸನು ಮಾಡದ ಜೋಳ ಕಂಡಿತು. ಈ ಮಗ್ಗಲು, ಆ ಮಗ್ಗಲು. ಕಾಲು ತಾವೇ ಚಾದರ ಒದೆಯುತ್ತಿದ್ದವು. ಅಕ್ಕೋರು ಆ ಗಡಿಯಾರ ನನ್ನ ಕೈಗೆ ಕಟ್ಟಿ ನೋಡಿ, “ಅಜ್ಜಿ, ಮಲಗಿದಲ್ಲೇ ರೇಸ್ ಹೊಡ್ಯಾಕತ್ತೀರಲ್ರಿ!” ಎಂದು ನಕ್ಕು ಹೋದರು. ಆ ಕಡೆ ಕೋಣೆಯಲ್ಲಿ ರೇಣಿ ಮಾತ್ರ ನಿದ್ದೆ ಹೊಡೆಯುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು.

“ಯವ್ವಾ! ಏನಾತಬೇ ನಿನಗ?”

“ಏನಿಲ್ಲ. ಸುಮ್ಮ ಮಲಗೇನಿ.”

“ನೀ ಸುಮ್ಮ ಮಲಗಾಕಿ ಅಲ್ಲ,” ಎಂದವಳೇ ಸೆರಗು ಬಾಯಿಗಿಟ್ಟು ಓಡಿದಳು.

ತುಸು ಹೊತ್ತಿನಲ್ಲಿ ಓಣಿಯೇ ಬಂತು. ಒಬ್ಬಳ ಕೈಯಲ್ಲಿ ಗಂಜಿ, ಇನ್ನೊಬ್ಬಳ ಕೈಯಲ್ಲಿ ವಿಭೂತಿ. ಯಾರೋ ಹೊರ್ತಿಯಲ್ಲಿದ್ದ ನನ್ನ ತಂಗಿಗೆ ಫೋನ್ ಮಾಡಿದ್ದರು, ಅವಳು ಆಗಲೇ ಬಸ್ ಹತ್ತಿದ್ದಳು. ಬಂದವರಿಗೆ ಚಹಾ ಆಗಬೇಕಲ್ಲ? ರೇಣಿ ಎದ್ದಳು. ಒಂದು ತಪ್ಪಲೆ ಇಳಿಸುವಷ್ಟರಲ್ಲಿ ಮತ್ತೆ ನಾಲ್ಕು ಮಂದಿ. ಅವಳು ಒಳಗೂ ಹೊರಗೂ ಓಡಾಡುವ ಹೆಜ್ಜೆ ಕೇಳಿದಾಗಲೆಲ್ಲ ಅವಳ ಸ್ನಾಯು ಸವೆದಂತೆ ನನಗೇ ಕಾಣುತ್ತಿತ್ತು. ನಾನು ಏಳಹೋದರೆ ಹೆಗಲು ಹಿಡಿದು ಮಲಗಿಸುತ್ತಾರೆ.

“ನಾ ಸಾಯಾಕತ್ತಿಲ್ಲ! ನಾಳೆ ಹುಡುಗಿದು ರೇಸ್ ಐತಿ, ಅದಕ್ಕ ಮಲಗೇನಿ!”

ಶಾಂತವ್ವ ಉಳಿದವರ ಕಡೆ ತಿರುಗಿ ಮೆಲ್ಲಗೆ, “ಬಡಬಡಸಾಕತ್ತಾಳ,” ಅಂದಳು.

ಅವರನ್ನು ತಳ್ಳಿ ಎದ್ದು ಕಸಬರಿಗೆ ಹಿಡಿದೆ. ಕೂತವರ ಕಾಲ ಬೆರಳಿಗೆ ತಗಲುವಂತೆ ಗುಡಿಸಿದೆ. ಒಬ್ಬೊಬ್ಬರೇ ಸೀರೆ ಝಾಡಿಸಿಕೊಂಡು ಎದ್ದರು. ಮಂದಿ ಹೋಯಿತು, ಆದರೆ ಸಪ್ಪಳಕ್ಕೆ ರೇಣಿ ಬಂದು ಕಸಬರಿಗೆಗೆ ಕೈ ಹಾಕಿದಳು. ನಾನು ಅದನ್ನು ಹೊಸ್ತಿಲಾಚೆ ಇದ್ದ ಶಾಂತವ್ವನ ಕೈಗೆ ತುರುಕಿ, “ಇದು ನಿನ್ನ ಮನ್ಯಾಗಿರಲಿ,” ಎಂದು ಚಿಲಕ ಹಾಕಿದೆ. ಹೊರ್ತಿಯಿಂದ ಬಂದ ತಂಗಿಗೆ ಒಂದೇ ಮಾತು ಹೇಳಿದೆ: “ಚಹಾ ನೀನ ಮಾಡ್ಕೋ.”

ಮರುದಿನ ರೇಣಿ ಆಯ್ಕೆಯಾದಳು, ಆಯ್ಕೆಯಾದವರಲ್ಲಿ ಕಡೆಯವಳಾಗಿ.

“ಆ ಚಹಾ ಮಾಡದಿದ್ರ ಇನ್ನೂ ಮುಂದ ಬರ್ತಿದ್ಲು,” ಅಂದರು ಅಕ್ಕೋರು.

“ಸಣ್ಣಾಕಿ ಇದ್ದಾಗಿಂದ ನೀರು ಹೊರದಿದ್ರ ಇಷ್ಟೂ ಬರ್ತಿದ್ದಿಲ್ಲ,” ಅಂದೆ ನಾನು.

ಇಬ್ಬರೂ ಸೋಲಲಿಲ್ಲ. ಹೋಗುವಾಗ ಅಕ್ಕೋರು ಇನ್ನೊಂದು ಹೇಳಿದರು, ರೇಸ್ ಮುಗಿದ ಮರುದಿನವೂ ಮಲಗಬೇಕಂತೆ.

ಬೆಳಗಾಯಿತು. ರೇಣಿ ಮುಸುಕು ಹೊದ್ದು ಮಲಗಿದ್ದಳು. ಬಿಸಿಲು ಅವಳ ಕಾಲ ತನಕ ಬಂದಿತ್ತು. ನನ್ನ ಅಂಗೈ ತುರಿಸತೊಡಗಿತು. ಸಪ್ಪಳಾಗದಂತೆ ಬಾಗಿಲು ಎಳೆದುಕೊಂಡು, ಶಾಂತವ್ವನ ಮನೆಗೆ ಹೋಗಿ, ಅಲ್ಲಿದ್ದ ನನ್ನ ಕಸಬರಿಗೆ ತೆಗೆದುಕೊಂಡು ಅವಳ ಅಂಗಳವನ್ನೇ ಗುಡಿಸಿದೆ. ಶಾಂತವ್ವ ಗಾಬರಿಯಾಗಿ ಕಣ್ಣು ತಿಕ್ಕುತ್ತ ಎದ್ದು ಬಂದಳು. ಏಳಲಿ. ಅವಳಿಗೇನು ರೇಸ್ ಇತ್ತೇ?